ಬೀಳುವ ಪೆಟ್ಟಿಗೆಗೆ ಕೈ ಕೊಡಬೇಡಿ

ನಮ್ಮ ಬೀದಿಯಲ್ಲಿ ಭಾರ ಹೊತ್ತು ಬದುಕುವವರೇ ಹೆಚ್ಚು. ಬೆಳಿಗ್ಗೆ ಅವರೆಲ್ಲ ಎದ್ದು ಒಟ್ಟಿಗೆ ಮೈ ಮುರಿದರೆ, ಆ ಸದ್ದಿಗೆ ಪಕ್ಕದ ಬೀದಿಯವರು ಯಾವುದೋ ಕಟ್ಟಡ ಕುಸಿಯಿತೆಂದು ಹೊರಗೆ ಓಡಿ ಬರುತ್ತಾರೆ. ಒಬ್ಬರಿಗೆ ಸೊಂಟ, ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಬೆರಳು. ಇಂಥ ಬೀದಿಯಲ್ಲಿ ಎಲ್ಲಿಯೂ ನೋವಿಲ್ಲದೆ ಓಡಾಡುತ್ತಿದ್ದವನು ಒಬ್ಬನೇ. ಅವನನ್ನು ಎಲ್ಲರೂ ಕ್ರೇನ್ ಎಂದು ಕರೆಯುತ್ತಿದ್ದರು.

ಕ್ರೇನಿನ ಬಲ ಎಂಥದೆಂದರೆ, ಒಮ್ಮೆ ಮೂರನೇ ಮಹಡಿಯಿಂದ ಬಟ್ಟೆ ತುಂಬಿದ ಬೀರುವನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದ. ಅದರೊಳಗೆ ಮಲಗಿದ್ದ ಬೆಕ್ಕಿಗೆ ಎಚ್ಚರವೇ ಆಗಲಿಲ್ಲ. ನಂಬದವರು ಬೆಕ್ಕನ್ನೇ ಕೇಳಬಹುದು. ಆದರೆ ಅವನ ದೊಡ್ಡ ಹೆಮ್ಮೆ ಬೇರೆಯೇ ಇತ್ತು. ಅವನ ಕೈಯಿಂದ ಒಂದು ಸಾಮಾನೂ ನೆಲಕ್ಕೆ ಬಿದ್ದಿರಲಿಲ್ಲ. ಜಾರಿದರೂ ನೆಲ ಮುಟ್ಟುವ ಮೊದಲೇ ಹಿಡಿದುಬಿಡುತ್ತಿದ್ದ. ಹೊರುವವರ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾನವಿಲ್ಲ.

ಅವನ ಅಣ್ಣನೂ ಹಾಗೆ ಹಿಡಿಯುತ್ತಿದ್ದವನೇ. ಮೆಟ್ಟಿಲ ಮೇಲೆ ಜಾರಿದ ಯಂತ್ರವೊಂದನ್ನು ಹಿಡಿಯಲು ಹೋಗಿ ಬಲಗೈಯ ಬೆರಳುಗಳು ಜಜ್ಜಿಹೋದವು. ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯುತ್ತಾನೆ.

ಆ ಹೆಂಡತಿ, ಅಂದರೆ ಕ್ರೇನಿನ ಅತ್ತಿಗೆ, ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ತಂತ್ರಜ್ಞೆ. ಅಲ್ಲಿನ ಕಂಪ್ಯೂಟರುಗಳು, ಫೋನುಗಳು ಒಂದರೊಡನೊಂದು ಮಾತಾಡುವಂತೆ ಇಡುವುದು ಅವಳ ಕೆಲಸ. ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋದಾಗ, ಹಳೆಯ ಕಟ್ಟಡದ ಉಪಕರಣಗಳ ಕೋಣೆಯನ್ನು ಖಾಲಿ ಮಾಡಲು ಮೈದುನನನ್ನೂ ಅವನ ಜೊತೆಗಾರನನ್ನೂ ಅವಳು ಕರೆಸಿದಳು.

ಕೋಣೆ ಕಿರಿದಾಗಿತ್ತು. ನಡುವೆ ನೆಲಕ್ಕೆ ಬೋಲ್ಟ್ ಹಾಕಿ ನಿಲ್ಲಿಸಿದ ಆಳೆತ್ತರದ ಕಬ್ಬಿಣದ ಚೌಕಟ್ಟು. ಅದನ್ನು ರ್ಯಾಕ್ ಎನ್ನುತ್ತಾರೆ. ಅದರಲ್ಲಿ ಎದೆಯ ಮಟ್ಟಕ್ಕೆ ಒಂದು, ಅದರ ಕೆಳಗೆ ಇನ್ನೊಂದು, ಎರಡು ದೊಡ್ಡ ನೆಟ್‌ವರ್ಕ್ ಪೆಟ್ಟಿಗೆಗಳು. ಒಂದೊಂದೂ ಮರಿಯಾನೆಯಷ್ಟು ಭಾರ. ಸರಿ, ಮರಿಯಾನೆ ಬೇಡ. ಒಬ್ಬರು ಎತ್ತಬಾರದಷ್ಟು ಭಾರ.

"ಇಷ್ಟೇನಾ ಅತ್ತಿಗೆ? ಇದಕ್ಕೆ ಇಬ್ಬರನ್ನ ಕರೆಸಿದ್ರಾ? ಮಾನ ತೆಗೆದ್ರಿ."

"ಮೊದಲು ಆ ಉಂಗುರ ಬಿಚ್ಚಿ ಜೇಬಿಗೆ ಹಾಕು. ಕರೆಂಟಿನ ಹತ್ತಿರ ಶೃಂಗಾರ ಬೇಡ."

"ಮದುವೆ ಉಂಗುರ. ಬಿಚ್ಚಿದ್ರೆ ನಿಮ್ಮ ಓರಗಿತ್ತಿ ಸುಮ್ನೆ ಬಿಡ್ತಾಳಾ?"

"ಬೆರಳೇ ಹೋದ್ರೆ ಉಂಗುರ ಎಲ್ಲಿಗೆ ಹಾಕ್ತಾಳೆ ಅಂತ ಕೇಳ್ಕೊಂಡು ಬಾ, ಹೋಗು."

ಕ್ರೇನ್ ಉಂಗುರ ಬಿಚ್ಚಿದ. ಅತ್ತಿಗೆ ಹೊಸ ಕಟ್ಟಡಕ್ಕೆ ಫೋನ್ ಮಾಡಿ, ಈ ಪೆಟ್ಟಿಗೆಗಳನ್ನು ನಂಬಿಕೊಂಡು ಯಾರೂ ಕೆಲಸ ಮಾಡುತ್ತಿಲ್ಲವೆಂದು ಖಚಿತಪಡಿಸಿಕೊಂಡಳು. ಪೆಟ್ಟಿಗೆಯ ಸೆಟ್ಟಿಂಗುಗಳ ಪ್ರತಿಯನ್ನು ಬೇರೆ ಕಡೆ ಉಳಿಸಿದಳು.

"ಒಂದು ಪೆಟ್ಟಿಗೆ ಆರಿಸೋಕೆ ಊರಿಗೆಲ್ಲ ಡಂಗುರ ಹೊಡೀಬೇಕಾ?" ಎಂದ ಕ್ರೇನ್.

"ಅಲ್ಲಿ ಡಾಕ್ಟರು ಯಾರದೋ ಕಣ್ಣು ನೋಡ್ತಿರ್ತಾರೆ. ನೀನು ಇಲ್ಲಿ ವೈರ್ ಕಿತ್ರೆ ಅವರ ಕಂಪ್ಯೂಟರ್ ಕುರುಡಾಗುತ್ತೆ. ಕೇಳಿದ್ರೆ ಬಾಯಿ ಸವೆಯುತ್ತಾ?"

ಅವಳು ಒಂದು ಕಡೆಯ ಪವರ್ ಆರಿಸಿ ವೈರ್ ಎಳೆದಳು. ಕ್ರೇನ್ ತೋಳೇರಿಸಿಕೊಂಡು ಮುಂದೆ ಬಂದ. ಪೆಟ್ಟಿಗೆ ಮಾತ್ರ ಕಣಜದ ಗೂಡಿನ ಹಾಗೆ ಗುಂಯ್ ಎನ್ನುತ್ತಲೇ ಇತ್ತು.

"ತಾಳು. ಇದಕ್ಕೆ ಎರಡು ಬಾಯಿ. ಒಂದು ಗೋಡೆಯಿಂದ ತಿನ್ನುತ್ತೆ, ಇನ್ನೊಂದು ಯುಪಿಎಸ್ ಬ್ಯಾಟರಿಯಿಂದ. ಒಂದು ಮುಚ್ಚಿದ್ರೆ ಇನ್ನೊಂದರಲ್ಲಿ ತಿಂತಾನೇ ಇರುತ್ತೆ."

"ನಿಮ್ಮನೇಲಿ ಊಟ ಮಾಡಿ ನಮ್ಮನೆಗೂ ಬಂದು ಕೂರೋ ಅಣ್ಣನ ಹಾಗೆ ಅನ್ನಿ."

ಅತ್ತಿಗೆ ನಗುತ್ತಲೇ ಎರಡನೆಯದನ್ನೂ ಆರಿಸಿ ಎಳೆದಳು. ಕೆಳಗಿನ ಪೆಟ್ಟಿಗೆಗೂ ಹಾಗೆಯೇ ಮಾಡಿದಳು. ಫ್ಯಾನುಗಳು ನಿಂತವು, ಕೊನೆಯ ಹಸಿರು ದೀಪವೂ ಆರಿತು. ಆಮೇಲಷ್ಟೇ ಅವಳು ಕೇಬಲ್ಲುಗಳಿಗೆ ಗುರುತಿನ ಚೀಟಿ ಅಂಟಿಸಿ ಒಂದೊಂದಾಗಿ ಬಿಡಿಸಿದ್ದು.

"ನಾನು ಎತ್ತುವ ಟ್ರಾಲಿ ತರ್ತೀನಿ. ನಿನ್ನ ಜೊತೆಗಾರನೂ ಗಾಡಿ ನಿಲ್ಲಿಸಿ ಬರಲಿ. ಒಳಗಿನ ಭಾಗಗಳನ್ನ ತೆಗೆದು ಪೆಟ್ಟಿಗೆ ಹಗುರ ಮಾಡೋಣ. ಆಮೇಲೆ ನೀವಿಬ್ಬರು ಹಿಡ್ಕೊಳಿ, ನಾನು ಸ್ಕ್ರೂ ತೆಗೀತೀನಿ. ಅಲ್ಲಿವರೆಗೆ ಸ್ಕ್ರೂ ಮುಟ್ಟಬೇಡ."

"ಸರಿ," ಎಂದ ಕ್ರೇನ್. ಆ ಸರಿಯನ್ನು ತಕ್ಕಡಿಗೆ ಹಾಕಿದ್ದರೆ ಹತ್ತಿಯ ಎಳೆಯಷ್ಟೂ ತೂಗುತ್ತಿರಲಿಲ್ಲ.

ಅವಳು ಹೋದಳು. ಕ್ರೇನ್ ಪೆಟ್ಟಿಗೆಯನ್ನು ನೋಡಿದ, ಪೆಟ್ಟಿಗೆ ಕ್ರೇನನ್ನು ನೋಡಿತು. ಬೀರು ಇಳಿಸಿದವನು ಇದಕ್ಕೆ ಕಾಯಬೇಕೇ? ಅವಳು ಬರುವಷ್ಟರಲ್ಲಿ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತರೆ ಅತ್ತಿಗೆಯ ಮುಖ ಹೇಗಿರುತ್ತದೆ ಎಂದು ನೆನೆದೇ ಅವನಿಗೆ ನಗು ಬಂತು. ಮೇಲಿನ ಪೆಟ್ಟಿಗೆಯ ಸ್ಕ್ರೂಗಳನ್ನೆಲ್ಲ ಬಿಚ್ಚಿದ. ಪೆಟ್ಟಿಗೆಯ ಮುಖದ ಮೇಲೆ ಎರಡು ಚೆಂದದ ಹಿಡಿಗಳಿದ್ದವು. ಹಿಡಿ ಇರುವುದೇ ಹಿಡಿಯಲಿಕ್ಕೆ ಎಂದುಕೊಂಡು ಎರಡನ್ನೂ ಹಿಡಿದು ಎಳೆದ.

ಪೆಟ್ಟಿಗೆ ತಾನು ಕುಳಿತಿದ್ದ ಕಬ್ಬಿಣದ ಪಟ್ಟಿಗಳ ಮೇಲೆ ಅರ್ಧದಷ್ಟು ಮುಂದೆ ಜಾರಿತು. ಇನ್ನೊಮ್ಮೆ ಜಗ್ಗಿದ. ಹಿಡಿಗಳು ಮೇಜಿನ ಡ್ರಾಯರಿನ ಹಾಗೆ ಸರಕ್ಕನೆ ಹೊರಗೆ ಬಂದವು! ಅವು ಪೆಟ್ಟಿಗೆ ಎತ್ತುವ ಹಿಡಿಗಳಲ್ಲ, ಒಳಗಿನ ಪವರ್ ಭಾಗಗಳನ್ನು ಹೊರಗೆಳೆಯುವ ಹಿಡಿಗಳು. ಕ್ರೇನ್ ಆ ಭಾಗಗಳೊಡನೆ ಹಿಂದಕ್ಕೆ ಮುಗ್ಗರಿಸಿ, ಅವನ್ನು ಕೈಬಿಟ್ಟು, ಮತ್ತೆ ಕಾಲೂರಿ ನಿಂತಾಗ ಪೆಟ್ಟಿಗೆ ಮುಂದಕ್ಕೆ ವಾಲುತ್ತಿತ್ತು.

ಜನ್ಮದಲ್ಲಿ ಸಾಮಾನು ಬೀಳಿಸದ ಎರಡು ಕೈಗಳು ಅವನನ್ನು ಕೇಳದೆಯೇ ಪೆಟ್ಟಿಗೆಯ ಕೆಳಗೆ ಹೋದವು.

"ಕೈ ತೆಗಿ! ಬೀಳಲಿ, ಬಿಡು, ಪಕ್ಕಕ್ಕೆ ಬಾ!"

ಅತ್ತಿಗೆ ಟ್ರಾಲಿಯೊಡನೆ ಬಾಗಿಲಲ್ಲಿದ್ದಳು. ಆ ಕೂಗಿಗೆ ಕಟ್ಟಡದ ಗಾಜುಗಳು ಇನ್ನೂ ನಡುಗುತ್ತಿವೆಯಂತೆ. ಕ್ರೇನ್ ಯಾಕೆ ಕೈ ತೆಗೆದನೋ ಅವನಿಗೇ ಗೊತ್ತಿಲ್ಲ. ಅವನು ಪಕ್ಕಕ್ಕೆ ಸರಿದ, ಪೆಟ್ಟಿಗೆ ಬಿತ್ತು. ಅವನ ಪಾದಗಳಿದ್ದ ಜಾಗದ ನೆಲಹಾಸು ಹಪ್ಪಳದ ಹಾಗೆ ಪುಡಿಯಾಯಿತು.

ಕ್ರೇನ್ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಂಡ.

"ಎಲ್ಲಾ ಇದಾವಾ?" ಎಂದಳು ಅತ್ತಿಗೆ.

"ಇದಾವೆ."

ಅವಳು ಮೇಲ್ವಿಚಾರಕರಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಆಚೆಯಿಂದ ಬಂದ ಮೊದಲ ಪ್ರಶ್ನೆ ಕ್ರೇನಿಗೂ ಕೇಳಿಸಿತು: "ಯಾರಿಗಾದ್ರೂ ಪೆಟ್ಟಾಯ್ತಾ?" ಬೈಗುಳಕ್ಕೆ ಹೆಗಲು ಕೊಟ್ಟು ನಿಂತಿದ್ದವನು ನೆಲಕ್ಕೆ ಬಿದ್ದಿದ್ದ ಪವರ್ ಭಾಗಗಳನ್ನು ಎತ್ತಿ ಗೋಡೆಯ ಬದಿಗಿಟ್ಟ. ಸೆಟ್ಟಿಂಗುಗಳ ಪ್ರತಿ ಇದ್ದುದರಿಂದ ಹೊಸ ಕಟ್ಟಡದಲ್ಲಿ ಬೇರೆ ಪೆಟ್ಟಿಗೆಯಿಂದ ಕೆಲಸ ಸಾಗುತ್ತದೆ ಎಂದರು ಮೇಲ್ವಿಚಾರಕರು.

ಜೊತೆಗಾರ ಬಂದ. ಕೆಳಗಿನ ಪೆಟ್ಟಿಗೆ ಇನ್ನೂ ರ್ಯಾಕಿನಲ್ಲಿತ್ತು. ಕ್ರೇನ್ ತನ್ನ ಕಸುಬಿನಲ್ಲಿ ಎಂದೂ ಕೇಳದ ಪ್ರಶ್ನೆಯೊಂದನ್ನು ಕೇಳಿದ.

"ಎಲ್ಲಿ ಹಿಡೀಲಿ ಅತ್ತಿಗೆ?"

"ಅಡಿಯಲ್ಲಿ, ಎರಡೂ ಪಕ್ಕದಿಂದ. ಮುಖದ ಮೇಲಿನ ಹಿಡಿ ಬೇಡ. ಬಗ್ಗೋದು ಮಂಡಿಯಿಂದ, ಸೊಂಟದಿಂದಲ್ಲ."

ಪವರ್ ಭಾಗಗಳು, ಫ್ಯಾನಿನ ತಟ್ಟೆ, ಒಳಗಿನ ಕಾರ್ಡುಗಳು ಒಂದೊಂದಾಗಿ ಹೊರಗೆ ಬಂದವು. ಟ್ರಾಲಿಯ ಮೇಜನ್ನು ಪೆಟ್ಟಿಗೆಯ ಮಟ್ಟಕ್ಕೆ ತಂದು ಚಕ್ರಕ್ಕೆ ಬ್ರೇಕ್ ಹಾಕಿದರು. ಇಬ್ಬರು ಹಿಡಿದುಕೊಂಡರು, ಅತ್ತಿಗೆ ಸ್ಕ್ರೂ ಬಿಚ್ಚಿದಳು. ಪೆಟ್ಟಿಗೆ ನಿದ್ದೆಗಣ್ಣಿನ ಮಗುವಿನ ಹಾಗೆ ಸದ್ದಿಲ್ಲದೆ ಟ್ರಾಲಿಗೆ ಬಂತು.

ಅಂದು ಸಂಜೆ ಎರಡೂ ಮನೆಯವರು ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತರು. ಕ್ರೇನ್ ನಡೆದದ್ದೆಲ್ಲವನ್ನೂ ಹೇಳಿದ.

"ಬಿತ್ತಾ? ನಿನ್ನ ಕೈಯಿಂದ?" ಎಂದ ಅಣ್ಣ.

"ಬಿತ್ತು."

"ಒಳ್ಳೇದಾಯ್ತು ಬಿಡೋ. ಅವತ್ತು ನನಗೂ ಹಾಗೆ ಕೂಗೋರು ಒಬ್ಬರು ಇರಬೇಕಿತ್ತು."

ಕ್ರೇನಿನ ಹೆಂಡತಿ ಎದ್ದು ಹೋಗಿ ಓರಗಿತ್ತಿಯ ತಟ್ಟೆಗೆ ಇನ್ನಷ್ಟು ಬಡಿಸಿದಳು, ಬೇಡ ಬೇಡ ಎಂದರೂ ಬಿಡಲಿಲ್ಲ.

ಕ್ರೇನ್ ಎರಡೂ ಕೈಗಳನ್ನು ಅತ್ತಿಗೆಯ ಮುಂದೆ ಚಾಚಿದ. "ಇವು ಇನ್ನು ನಿಮ್ಮ ಕೈ ಅತ್ತಿಗೆ. ಉಳಿಸಿದ್ದು ನೀವು."

"ನನ್ನ ಕೈಯಾದ್ರೆ ಹೋಗಿ ಪಾತ್ರೆ ತೊಳೀಲಿ," ಎಂದಳು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತ.

ಕ್ರೇನ್ ತೊಳೆದ. ಒಂದು ಲೋಟವನ್ನೂ ಒಡೆಯಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಾಳೆ ನಿಮ್ಮನ್ನೂ ಇಂಥದೊಂದು ಕೋಣೆಗೆ ಕರೆಯಬಹುದು. ಪೆಟ್ಟಿಗೆಯನ್ನು ಆರಿಸುವ ಮೊದಲು ಅದನ್ನು ನಂಬಿದವರಿಗೆ ತಿಳಿಸಿ. ವೈರ್ ಒಂದೇ ಇದೆಯೆಂದು ನಂಬಬೇಡಿ. ಹಿಂದೆ ಹೋಗಿ ನೋಡಿ, ಎಲ್ಲವನ್ನೂ ಬಿಡಿಸಿ, ಫ್ಯಾನು ನಿಲ್ಲುವವರೆಗೆ ಕಾಯಿರಿ. ಹಗುರ ಮಾಡದೆ, ಇನ್ನೊಬ್ಬರು ಹಿಡಿಯದೆ ಸ್ಕ್ರೂ ಮುಟ್ಟಬೇಡಿ. ಎಲ್ಲಿ ಹಿಡಿಯಬೇಕೆಂದು ಕೇಳಿ, ಕೇಳಿದರೆ ನಿಮ್ಮ ಬಲ ಕಡಿಮೆಯಾಗುವುದಿಲ್ಲ. ಇಷ್ಟಾದ ಮೇಲೂ ಜಾರಿದರೆ, ಬೀಳಲು ಬಿಡಿ. ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ, ಬೆರಳು ಸಿಗುವುದಿಲ್ಲ. ಯಾರಾದರೂ ಕೈ ತೆಗೆ ಎಂದು ಕೂಗಿದರೆ ಮೊದಲು ತೆಗೆಯಿರಿ. ಬೇಕಾದರೆ ಆಮೇಲೆ ಅವರೊಡನೆ ಜಗಳವಾಡಿ.