ಎಡಕ್ಕೆ ವಾಲಿದ ಪಂಡಿತರು

ಇದು ನಿಜವಾಗಿ ನಡೆದದ್ದು. ಯಾವ ಕತೆ ಶುರುಮಾಡಿದರೂ ನಾನು ಹೀಗೇ ಹೇಳುತ್ತೇನೆಂದು ಸ್ನೇಹಿತರು ಕೊಂಕು ತೆಗೆಯುವುದುಂಟು. ಆದರೆ ಇದಕ್ಕೆ ಸಾಕ್ಷಿಗಳಿದ್ದಾರೆ: ಒಂದು ತರಗತಿ ತುಂಬ ಜನ, ಒಬ್ಬ ಮೇಷ್ಟ್ರು, ಹೊರಗಿನಿಂದ ಬಂದ ಒಬ್ಬ ಪರೀಕ್ಷಕಿ, ಮತ್ತು ನಾಲ್ವರು ಪಂಡಿತರು. ಪಂಡಿತರನ್ನು ಮಾತ್ರ ಸಾಕ್ಷಿಗೆ ಕರೆಯುವ ಹಾಗಿಲ್ಲ. ಯಾಕೆ ಅನ್ನುವುದೇ ಕತೆ.

ನಮ್ಮ ಮಾಧ್ಯಮ ಅಧ್ಯಯನದ ತರಗತಿಯಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು ಅಕ್ಕ. ಅವಳ ಸ್ವಂತ ತಮ್ಮನಿಂದ ಹಿಡಿದು ನಮ್ಮ ಮೇಷ್ಟ್ರವರೆಗೆ ಎಲ್ಲರಿಗೂ ಅವಳು ಅಕ್ಕನೇ. ಬೆಳಿಗ್ಗೆ ಹೊತ್ತು ಊರಿನ ಸಣ್ಣ ರೇಡಿಯೋ ಸ್ಟೇಷನ್ನಿನಲ್ಲಿ ಹಂಗಾಮಿ ಕೆಲಸ. ಯಾವ ರಸ್ತೆ ಬಂದ್, ಯಾರ ನಾಯಿ ಕಳೆದಿದೆ, ಮಳೆ ಬರುತ್ತೋ ಇಲ್ಲವೋ, ಎಲ್ಲವನ್ನೂ ಜೇನು ಸುರಿದ ಹಾಗೆ ಹೇಳುವಳು. ಬೆಳಗಿನ ಕಾರ್ಯಕ್ರಮವನ್ನು ಪೂರ್ತಿ ಅವಳ ಕೈಗೇ ಕೊಡಲು ಸ್ಟೇಷನ್ ಮ್ಯಾನೇಜರಿಗೂ ಮನಸ್ಸಿತ್ತು. ಆದರೆ ಡಿಗ್ರಿ ಬೇಕು. ಡಿಗ್ರಿಗೆ ಅಡ್ಡಲಾಗಿ ನಿಂತಿದ್ದದ್ದು ಒಂದೇ ಒಂದು ಪತ್ರಿಕೆ, ಸಂವಹನ ಸಿದ್ಧಾಂತಗಳು. ಅದರಲ್ಲಿ ಅಕ್ಕ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೂರನೆಯದೇ ಕೊನೆಯದು, ನಾಲ್ಕನೇ ಅವಕಾಶ ನಿಯಮದಲ್ಲೇ ಇಲ್ಲ. ಈ ಸಲವೂ ಹೋದರೆ ಬೆಳಗಿನ ಮೈಕು ಬೇರೆಯವರ ಪಾಲು.

ಅವಳ ತೊಂದರೆ ವಿಚಿತ್ರವಾದದ್ದು. ಕೇಳಿದ್ದು ಮರೆಯುತ್ತಿರಲಿಲ್ಲ, ಓದಿದ್ದು ನಿಲ್ಲುತ್ತಿರಲಿಲ್ಲ. ಮುಖಗಳಂತೂ ಕೇಳಲೇಬೇಡಿ. ಎದುರಿಗೆ ಬಂದವರು ಬಾಯಿ ಬಿಡುವ ತನಕ ಅವರು ಯಾರೆಂದು ಅವಳಿಗೆ ತಿಳಿಯದು. ಒಮ್ಮೆ ಎಲೆಕ್ಟ್ರಿಷಿಯನ್ ಅಂದುಕೊಂಡು ಮ್ಯಾನೇಜರಿಗೇ ಸ್ಟುಡಿಯೋದ ಫ್ಯಾನು ತೋರಿಸಿ, "ಸ್ವಲ್ಪ ಬೇಗ ಮಾಡಿಕೊಡಿ, ನಮ್ಮ ಸಾಹೇಬ್ರು ಬಂದ್ರೆ ತಲೆ ತಿಂತಾರೆ" ಎಂದಿದ್ದಳು. ಸಾಹೇಬರು ಕೆಮ್ಮಿದ ಮೇಲೇ ಅವಳಿಗೆ ಗೊತ್ತಾದದ್ದು.

ಈ ಸಲದ ಮೌಖಿಕ ಪರೀಕ್ಷೆಗೆ ಮೇಷ್ಟ್ರು ಹೊಸ ಪದ್ಧತಿ ತಂದರು. ಮೇಷ್ಟ್ರ ಅಡ್ಡಹೆಸರು 'ಅಂದ್ರೆ ಸರ್'. ಅವರನ್ನು ಅಣಕಿಸಿ ಅಣಕಿಸಿಯೇ ನನಗೆ 'ಗಿಳಿ' ಎಂಬ ಅಡ್ಡಹೆಸರು ಬಂದದ್ದು.

"ಅಂದ್ರೆ, ಒಂದು ಸಿದ್ಧಾಂತಕ್ಕೆ ಒಂದು ಪೋಸ್ಟರ್. ಅಂದ್ರೆ, ನಡುವೆ ಆ ಪಂಡಿತರ ಮುಖ, ಸುತ್ತ ಚಿತ್ರಗಳು. ಅಕ್ಷರ ಆದಷ್ಟು ಕಡಿಮೆ. ಗೋಡೆಗೆ ಹಾಕ್ಕೊಂಡು ದಿನಾ ನೋಡಿ. ಅಂದ್ರೆ, ಚಿತ್ರ ಕಣ್ಣಿಗೆ ಬಿದ್ರೆ ಉತ್ತರ ಬಾಯಿಗೆ ಬರ್ಬೇಕು. ಪರೀಕ್ಷೆಗೂ ಅದನ್ನೇ ತನ್ನಿ."

ಅಕ್ಕನ ತಮ್ಮನದು ಬ್ಯಾನರ್ ಅಂಗಡಿ. ನಾನೂ ಅವಳ ಜೊತೆ ಹೋಗಿದ್ದೆ. ಕಾಲಿಟ್ಟರೆ ಶಾಯಿಯ ಘಾಟು, ಮೂಲೆಯಲ್ಲಿ ಚಾಪೆಗಳ ಹಾಗೆ ನಿಲ್ಲಿಸಿದ ಫ್ಲೆಕ್ಸ್ ಸುರುಳಿಗಳು, ಅತ್ತಿಂದಿತ್ತ ಓಡಾಡುತ್ತ ಗೊಣಗುವ ಪ್ರಿಂಟರು. ಆ ಅಂಗಡಿಯಲ್ಲಿ ಒಂದು ರೂಢಿ. ಗಿರಾಕಿಯ ಫೋಟೋ ಬರುವುದು ತಡವಾದರೆ ಕೆಲಸ ನಿಲ್ಲಿಸುವುದಿಲ್ಲ. ಅಳತೆ ಕೂರಿಸಲು ಕೈಗೆ ಸಿಕ್ಕಿದ ಯಾವುದೋ ಮುಖ ಹಾಕಿ ಇಡುತ್ತಾರೆ. ಅದಕ್ಕೆ ಡಮ್ಮಿ ಮುಖ ಎಂದು ಹೆಸರು. ಅಸಲಿ ಬಂದ ಮೇಲೆ ಡಮ್ಮಿ ತೆಗೆಯಬೇಕು. ಮರೆತರೆ ಫಜೀತಿ. ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ಬೀಗ ರಿಪೇರಿಯವನು ಬಹಳ ಕಾಲ ಹಲ್ಲು ಕಿಸಿದುಕೊಂಡಿದ್ದ.

"ಚಿತ್ರ ಎಲ್ಲಾ ನಾನು ಮಾಡ್ಕೊಡ್ತೀನಿ. ಪಂಡಿತರ ಫೋಟೋ ನೀನು ಕಳಿಸು" ಎಂದ ತಮ್ಮ.

"ನೀನೇ ಹುಡುಕ್ಕೋ ಮಾರಾಯ. ನನಗೆ ಎಲ್ಲರ ಮುಖಾನೂ ಒಂದೇ ಥರ ಕಾಣುತ್ತೆ."

"ಹೌದೌದು. ನಿನಗೆ ಮುಖ ಕಾಣಲ್ಲ, ನನ್ನ ಗೊರಕೆ ಮಾತ್ರ ಚೆನ್ನಾಗಿ ಕೇಳುತ್ತೆ. ಊರಿಗೆಲ್ಲ ಕೇಳಿಸ್ತೀಯ."

ಹಿಂದಿನ ವಾರ ಅವಳು ರೇಡಿಯೋದಲ್ಲಿ ಗೊರಕೆಯ ಬಗ್ಗೆ ಹೇಳುತ್ತ, "ನಮ್ಮ ಮನೇಲೊಬ್ಬರು ಬ್ಯಾನರ್ ಪ್ರಿಂಟರ್ ಥರಾನೇ ಸದ್ದು ಮಾಡ್ತಾರೆ" ಎಂದಿದ್ದಳು. ಊರಿನಲ್ಲಿ ಬ್ಯಾನರ್ ಅಂಗಡಿ ಇರುವುದು ಅದೊಂದೇ.

"ಹೆಸರು ಹೇಳಿದ್ನೇನೋ ನಾನು?"

"ಹೆಸರು ಬೇರೆ ಹೇಳ್ಬೇಕಿತ್ತಾ? ಫೋಟೋ ಕಳಿಸೇ ತಾಯಿ, ಇಲ್ದಿದ್ರೆ ನನಗೆ ತೋಚಿದ್ದು ಹಾಕ್ತೀನಿ."

ಅವಳು ಕಳಿಸಲಿಲ್ಲ. ಪೋಸ್ಟರುಗಳು ಮಾತ್ರ ಹೇಳಿದ ದಿನಕ್ಕೆ ಬಂದವು.

ಸುಳ್ಳೇಕೆ, ನೋಡಿದವರು ಮೂಗಿನ ಮೇಲೆ ಬೆರಳಿಡುವಂತಿದ್ದವು. ಮಾಧ್ಯಮ ಹೇಳಿದ್ದೆಲ್ಲ ನೇರ ಜನರ ತಲೆಗೆ ಇಳಿಯುತ್ತದೆ ಎನ್ನುವ ಸಿದ್ಧಾಂತಕ್ಕೆ ಮೈಕಿನ ಆಕಾರದ ಸಿರಿಂಜು, ಅದು ಚುಚ್ಚಿದ್ದು ಒಂದು ದೊಡ್ಡ ಕಿವಿಗೆ. ಯಾವ ಸುದ್ದಿ ಒಳಗೆ, ಯಾವುದು ಹೊರಗೆ ಎಂದು ನಡುವೆ ನಿಂತವರು ತೀರ್ಮಾನಿಸುತ್ತಾರೆ ಎನ್ನುವುದಕ್ಕೆ ಕಬ್ಬಿಣದ ಗೇಟು, ಅದರ ಮುಂದೆ ಸುದ್ದಿಗಳ ಕ್ಯೂ. ಜನ ಯಾವುದರ ಬಗ್ಗೆ ಯೋಚಿಸಬೇಕೆಂದು ಮಾಧ್ಯಮವೇ ಗೊತ್ತುಮಾಡುತ್ತದೆ ಎನ್ನುವುದಕ್ಕೆ ಹೋಟೆಲಿನ ತಿಂಡಿ ಬೋರ್ಡು. ಕೊನೆಯದು ಮೌನದ ಸುರುಳಿ. ಉಳಿದವರೆಲ್ಲ ಬೇರೆ ಅಭಿಪ್ರಾಯದವರು ಎಂದು ಭಾವಿಸಿ ಒಬ್ಬೊಬ್ಬರೇ ಬಾಯಿ ಮುಚ್ಚಿಕೊಳ್ಳುತ್ತಾರೆ ಎನ್ನುವ ಅದಕ್ಕೆ ಸುತ್ತು ಮೆಟ್ಟಿಲು, ಕೆಳಗಿಳಿದಂತೆ ಚಿಕ್ಕದಾಗುವ ಬಾಯಿಗಳು.

ನಾಲ್ಕರ ನಡುವೆಯೂ ಒಬ್ಬೊಬ್ಬ ಪಂಡಿತರು. ಒಬ್ಬರಿಗೆ ಬೋಳುತಲೆ, ಒಬ್ಬರಿಗೆ ಪೊದೆ ಮೀಸೆ, ಒಬ್ಬರಿಗೆ ಗುಂಗುರು ಕೂದಲು. ಸುರುಳಿಯವರಿಗಂತೂ ಎದೆ ಮುಟ್ಟುವ ಬಿಳಿ ಗಡ್ಡ. ನಾಲ್ವರೂ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗಿದ್ದರು.

"ಮಾಧ್ಯಮದವರೆಲ್ಲ ಎಡಕ್ಕೆ ವಾಲಿದವರು ಅಂತ ಜನ ಬೈಯೋದು ಸುಳ್ಳಲ್ಲ ಅಕ್ಕಾ" ಎಂದೆ.

ಅವಳು ನಗಲಿಲ್ಲ. ಹುಬ್ಬು ಗಂಟಿಕ್ಕಿ ನಿಂತಿದ್ದಳು. "ಗಿಳೀ, ಇವರನ್ನ ಎಲ್ಲೋ ನೋಡಿದೀನಿ ಕಣೋ."

"ಯಾರನ್ನ?"

"ಅದೇ ಗೊತ್ತಾಗ್ತಿಲ್ಲ. ನಾಲ್ಕೂ ಜನಾನ."

ನನಗೂ ಹಾಗೇ ಅನ್ನಿಸುತ್ತಿತ್ತು. ಬಸ್ಸಿನಲ್ಲೋ, ಕ್ಯಾಂಟೀನಿನಲ್ಲೋ, ಬಹಳ ಹತ್ತಿರದಲ್ಲೆಲ್ಲೋ ಕಂಡ ಕಣ್ಣುಗಳು. ಆದರೆ ಮುಖ ನೆನಪಿಡದ ಅಕ್ಕನಿಗೇ ನೆನಪಿರುವಾಗ, ಇವರು ಪುಸ್ತಕದಲ್ಲಿ ನಾನು ಬರೀ ತಿರುವಿ ಬಿಟ್ಟ ಪುಟಗಳಲ್ಲಿ ಇರುವವರೇ ಇರಬೇಕು. ಕೇಳಿದರೆ ನನ್ನ ಓದಿನ ಬಂಡವಾಳ ಬಯಲಾದೀತೆಂದು, "ದೊಡ್ಡವರ ಮುಖ ಹಾಗೇ ಅಕ್ಕಾ, ಪರಿಚಯ ಇದ್ದ ಹಾಗಿರುತ್ತೆ" ಎಂದು ತೇಲಿಸಿದೆ.

ಮನೆಯ ಗೋಡೆಗೆ ಹಾಕಿದಾಗ ಅವರಮ್ಮ ಕನ್ನಡಕ ಏರಿಸಿಕೊಂಡು ಬಂದು, "ಈ ಗಡ್ಡದವರು ಥೇಟ್ ನಿಮ್ಮಜ್ಜ ಕಣೇ" ಎಂದರಂತೆ. "ನಿನಗೆ ಗಡ್ಡ ಇದ್ದೋರೆಲ್ಲ ಅಜ್ಜಾನೇ ಬಿಡಮ್ಮಾ" ಎಂದು ಅಕ್ಕ ಅಡಿಗೆಮನೆಗೆ ಕಳಿಸಿದಳಂತೆ. ತಮ್ಮ ಅವತ್ತು ಊಟದ ನಡುವೆ ಎದ್ದು ಹೊರಗೆ ಹೋಗಿ ಬಹಳ ಹೊತ್ತು ಕೆಮ್ಮಿದನಂತೆ.

ಅಕ್ಕನಿಗೆ ಚಿತ್ರ ಸಾಲದು, ದನಿ ಬೇಕು. ಅಲ್ಲಿ ನನ್ನ ಕೆಲಸ ಶುರುವಾಯಿತು. ಅವಳು ಸುತ್ತಿಕೊಂಡು ತಂದ ಪೋಸ್ಟರುಗಳನ್ನು ಕ್ಯಾಂಟೀನಿನ ಮೂಲೆಯ ಗೋಡೆಗೆ ಒರಗಿಸಿ ಕೂತು ಒಬ್ಬೊಬ್ಬ ಪಂಡಿತರಿಗೂ ಒಂದೊಂದು ದನಿ ಕೊಟ್ಟೆ. ಗೇಟಿನವರಿಗೆ ನಮ್ಮ ಕಾಲೇಜಿನ ವಾಚ್‌ಮನ್ ದನಿ: "ಏಯ್, ಎಲ್ಲಿಗೆ? ಕಾರ್ಡ್ ತೋರ್ಸಿ! ನೀವು ಸುದ್ದೀನಾ? ಆ ಕಡೆ ನಿಲ್ಲಿ!" ಸೂಜಿಯವರಿಗೆ ನರ್ಸಿನ ದನಿ: "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೇ." ತಿಂಡಿ ಬೋರ್ಡಿನವರಿಗೆ ಸಪ್ಲೈಯರ್ ದನಿ. ಸುರುಳಿಯವರಿಗೆ ನಮ್ಮ ಲೈಬ್ರರಿಯನ್ ದನಿ, ಅಂದರೆ ಬರೀ ಪಿಸುಮಾತು, ಅದೂ ಕೊನೆಗೆ ಗಾಳಿಯಾಗಿ ಹೋಗುವುದು. ಅಕ್ಕ ಕಣ್ಣು ಮುಚ್ಚಿ ಕೇಳಿ, ಕಣ್ಣು ಬಿಟ್ಟು ಚಿತ್ರ ನೋಡುವಳು. ಎರಡು ಸಲ ಡುಮ್ಕಿ ಹೊಡೆದವಳು ನೀರು ಕುಡಿದ ಹಾಗೆ ಒಪ್ಪಿಸತೊಡಗಿದಳು. ಆದರೆ ಪ್ರತಿ ಸಲವೂ ಮುಗಿಸಿದ ಮೇಲೆ ಆ ಮುಖಗಳ ಮುಂದೆ ನಿಂತು ತಲೆ ಕೆರೆದುಕೊಳ್ಳುವುದು ಮಾತ್ರ ತಪ್ಪಲಿಲ್ಲ.

ಪೋಸ್ಟರುಗಳ ಸುದ್ದಿ ಹಬ್ಬಿತು. ಪಕ್ಕದ ಬೆಂಚಿನವಳು ಫೋನಿನಲ್ಲಿ ಫೋಟೋ ತೆಗೆದಳು. ಅವಳಿಂದ ಹಿಂದಿನ ಬೆಂಚಿಗೆ, ಅಲ್ಲಿಂದ ಹಾಸ್ಟೆಲಿಗೆ. ಎಲ್ಲರೂ ಅದನ್ನೇ ನೋಡಿ ತಂತಮ್ಮ ಪೋಸ್ಟರ್ ಬಿಡಿಸಿಕೊಂಡರು. ಒಬ್ಬೊಬ್ಬರೂ ಒಂದು ಕ್ಷಣ ಚಿತ್ರವನ್ನು ದಿಟ್ಟಿಸಿ, ಏನೋ ಕೇಳಲು ಬಾಯಿ ತೆರೆದು, ಅಕ್ಕಪಕ್ಕ ನೋಡಿ ಮುಚ್ಚಿಕೊಳ್ಳುವರು. ಕೊನೆಗೆ ಮೇಷ್ಟ್ರೇ ಒಂದು ಪ್ರತಿ ಕೇಳಿ ಪಡೆದು ನೋಟಿಸ್ ಬೋರ್ಡಿಗೆ ಹಾಕಿಸಿದರು. ಗಡ್ಡದವರ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು.

"ಅಂದ್ರೆ, ಇವರನ್ನ ನಾನೊಂದು ಸಮ್ಮೇಳನದಲ್ಲಿ ಕಂಡಿದ್ದೆ ಅನ್ಸುತ್ತೆ. ಬಹಳ ಸರಳ ಮನುಷ್ಯ."

ಅಲ್ಲಿಗೆ ಅನುಮಾನ ಸತ್ತಿತು. ಸತ್ತಿತು ಅಂತ ನಾವು ಅಂದುಕೊಂಡೆವು.

ಪರೀಕ್ಷೆಯ ದಿನ ಪೋಸ್ಟರ್ ನಿಲ್ಲಿಸುವ ಸ್ಟ್ಯಾಂಡಿನ ಒಂದು ಕಾಲು ಮುರಿದಿತ್ತು. ಅದಕ್ಕೆ ಬದಲು, ಮುಂದಿನ ಸರದಿಯವನಾದ ನನ್ನನ್ನೇ ಹಿಡಿದುಕೊಂಡು ನಿಲ್ಲಲು ಮೇಷ್ಟ್ರು ಒಳಗೆ ಕರೆದರು. ಪರೀಕ್ಷಕಿ ಬೇರೆ ಕಾಲೇಜಿನವರು. ಬೆಳ್ಳಗಿನ ಮೋಟು ಕೂದಲು, ಕೈಯಲ್ಲಿ ಮೊನೆ ಮಾಡಿದ ಪೆನ್ಸಿಲು, ಮುಖದಲ್ಲಿ ನಗು ಅನ್ನುವುದು ಅಂಗಡಿ ಮುಚ್ಚಿಕೊಂಡು ಹೋದ ಹಾಗಿತ್ತು.

ಸೂಜಿ ಮುಗಿಯಿತು. ಗೇಟು ದಾಟಿತು. ತಿಂಡಿ ಬೋರ್ಡು ಸಲೀಸಾಗಿ ಹೋಯಿತು. ಅಕ್ಕ ಹೇಳುತ್ತಿದ್ದರೆ ರೇಡಿಯೋ ಹಾಕಿದ ಹಾಗಿತ್ತು. ಅಷ್ಟರಲ್ಲಿ ಕಿಟಕಿಯ ಗಾಜಿನಾಚೆ ಅವಳ ತಮ್ಮ ಕಂಡ. ಏದುಸಿರು ಬಿಡುತ್ತಿದ್ದ. ನನ್ನ ಕಡೆ ನೋಡಿ ಗಲ್ಲ ಸವರಿಕೊಂಡ, ಅಕ್ಕನ ಕಡೆ ಬೆರಳು ಮಾಡಿದ, ಮತ್ತೆ ಗಲ್ಲ ಸವರಿಕೊಂಡು ಎರಡೂ ಕೈ ಮುಗಿದ. ಕ್ಷೌರ ಮಾಡಿಸಿಕೊಂಡು ಬಾ ಅನ್ನುತ್ತಿದ್ದಾನೋ, ಗಲ್ಲ ಹಿಡಿದು ಬೇಡಿಕೋ ಅನ್ನುತ್ತಿದ್ದಾನೋ ಒಂದೂ ಅರ್ಥವಾಗಲಿಲ್ಲ. ನಾನು ಕೊನೆಯ ಪೋಸ್ಟರ್ ಎತ್ತಿ ಹಿಡಿದೆ.

ಪರೀಕ್ಷಕಿ ಪೆನ್ಸಿಲು ಕೆಳಗಿಟ್ಟರು.

"ಇವರು ಯಾರಮ್ಮ?"

"ಮೌನದ ಸುರುಳಿ ಸಿದ್ಧಾಂತ ಹೇಳಿದ ಪಂಡಿತರು, ಮೇಡಂ."

"ಅದನ್ನ ಹೇಳಿದ್ದು ಹೆಂಗಸು. ಅವರಿಗೆ ಗಡ್ಡ ಯಾವಾಗ ಬಂತು?"

ಮೇಷ್ಟ್ರ ಬಾಯಿಂದ "ಅಂದ್ರೆ" ಹೊರಟು ಅಲ್ಲೇ ನಿಂತಿತು. ಸಮ್ಮೇಳನದ ಸರಳ ಮನುಷ್ಯ ನೆನಪಾದನೇನೋ, ಕಿಟಕಿಯತ್ತ ತಿರುಗಿಕೊಂಡರು. ಅಕ್ಕನ ಮುಖ ಸುಣ್ಣದ ಹಾಗಾಯಿತು. ಬೆಳಗಿನ ಮೈಕು ಕೈಜಾರುತ್ತಿರುವುದು ನನಗೇ ಕಾಣಿಸುತ್ತಿತ್ತು.

ಪರೀಕ್ಷಕಿ ಎದ್ದು ಬಂದರು. ಒಂದು ಖಾಲಿ ಹಾಳೆಯಿಂದ ಗಡ್ಡ ಮುಚ್ಚಿದರು. ಇನ್ನೊಂದರಿಂದ ಹಣೆ ಮುಚ್ಚಿದರು. ಉಳಿದದ್ದು ಕಣ್ಣು, ಮೂಗು ಮತ್ತು ಆ ವಾಲು. ಪೋಸ್ಟರ್ ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಪೋಸ್ಟರ್ ನೋಡಿದರು. ಅಕ್ಕ ಗಾಬರಿಯಾದಾಗ ಹೆಡ್‌ಫೋನ್ ಭುಜಕ್ಕೆ ಒತ್ತಿಕೊಳ್ಳುವವರ ಹಾಗೆ ತಲೆ ಎಡಕ್ಕೆ ವಾಲಿಸುತ್ತಾಳೆ. ಆಗಲೂ ವಾಲಿಸಿದ್ದಳು.

"ಇವರನ್ನ ಎಲ್ಲಾದರೂ ನೋಡಿದೀರಾ?"

"ನೋಡಿದ ಹಾಗಿದೆ ಮೇಡಂ. ಮೊದಲ ದಿನದಿಂದಾನೂ. ಎಲ್ಲಿ ಅಂತ ಹೊಳೀತಿಲ್ಲ."

"ನಿಮ್ಮ ಫೋನ್ ತೆಗೀರಿ. ಆನ್ ಮಾಡ್ಬೇಡಿ. ಆ ಗಾಜಲ್ಲಿ ನೋಡ್ಕೊಳ್ಳಿ."

ಅಕ್ಕ ಆಫ್ ಮಾಡಿದ್ದ ಫೋನಿನ ಕಪ್ಪು ಗಾಜು ನೋಡಿದಳು. ಪೋಸ್ಟರ್ ನೋಡಿದಳು. ಗಾಜು. ಪೋಸ್ಟರ್. ನಿಧಾನವಾಗಿ ಒಂದು ಕೈ ತನ್ನ ಗಲ್ಲಕ್ಕೆ ಹೋಯಿತು.

"ಅಯ್ಯೋ... ನಾನು!"

"ನಾಲ್ಕೂ ನೀವೇ" ಎಂದರು ಪರೀಕ್ಷಕಿ. "ನಕಲಿ ಪಂಡಿತರನ್ನ ತಂದಿದೀರಿ, ಫೇಲ್ ಮಾಡಬಹುದು. ಅದಕ್ಕೆ ಮೊದಲು ಒಂದೇ ಪ್ರಶ್ನೆ. ನಿಮ್ಮ ಮುಖ ಇಲ್ಲಿವರೆಗೆ ಹೇಗೆ ಬಂತು? ನೀವು ಓದಿದ್ದನ್ನೇ ಇಟ್ಟುಕೊಂಡು ಹೇಳಿ."

ಅಕ್ಕ ಉಸಿರೆಳೆದುಕೊಂಡಳು. ಮೈಕಿನ ಕೆಂಪು ದೀಪ ಹತ್ತಿದಾಗ ಅವಳು ಹಾಗೆ ಮಾಡುವುದನ್ನು ನಾನು ಕಂಡಿದ್ದೆ.

"ಮೊದಲನೇ ಗೇಟು ನನ್ನ ತಮ್ಮನ ಅಂಗಡಿ, ಮೇಡಂ. ಅವನಿಗೆ ಫೋಟೋ ಕೊಡದೇ ಇದ್ದವಳು ನಾನು. ನನ್ನ ಮುಖಕ್ಕೇ ಗಡ್ಡ ಮೀಸೆ ಅಂಟಿಸಿ ಡಮ್ಮಿ ಹಾಕಿದ. ಎರಡನೇ ಗೇಟು ನಾನೇ. ಮೂರನೇದು ಈ ಗಿಳಿ. ನಾಲ್ಕನೇದು ನೋಟಿಸ್ ಬೋರ್ಡು. ಎಲ್ಲಾ ಗೇಟಲ್ಲೂ ವಾಚ್‌ಮನ್ ನಿದ್ದೆ ಹೊಡೀತಿದ್ದ." ಮೇಷ್ಟ್ರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಯಾರೂ ಯಾಕೆ ಕೇಳಲಿಲ್ಲ ಅಂದ್ರೆ, ಅದು ಸುರುಳಿ. ನನಗೆ ಅನುಮಾನ ಇತ್ತು. ಮೇಷ್ಟ್ರನ್ನ ಕೇಳಿದ್ರೆ ಎರಡು ಸಲ ಫೇಲಾದವಳು ಮೂರನೇ ಸಲಾನೂ ದಡ್ಡಿ ಅಂತಾರೆ ಅಂತ ಸುಮ್ಮನಾದೆ. ನನಗೇ ಇವರು ಗೊತ್ತು ಅಂದ್ಕೊಂಡು ಇವನು ಸುಮ್ಮನಾದ. ಅಲ್ವೇನೋ ಗಿಳೀ?"

"ಹೂಂ ಅಕ್ಕಾ" ಎಂದೆ. ಸ್ವಂತ ದನಿಯಲ್ಲೇ ಬಂತು.

"ಕ್ಲಾಸಿಗೆ ಕ್ಲಾಸೇ ಹೀಗೆ ಮೆಟ್ಟಿಲು ಇಳೀತು, ಮೇಡಂ. ಮೇಲಿದ್ದ ಬಾಯಿ ಮುಚ್ಚಿತು ಅಂತ ಕೆಳಗಿನದೂ ಮುಚ್ಚಿತು. ಒಬ್ಬರು 'ಇದು ಯಾರು' ಅಂದಿದ್ರೆ ಸಾಕಾಗಿತ್ತು."

ಪರೀಕ್ಷಕಿ ಪೆನ್ಸಿಲು ಎತ್ತಿಕೊಂಡು ಏನೋ ಬರೆದರು. "ಈ ಉತ್ತರ ಯಾವ ಪೋಸ್ಟರ್‌ನಲ್ಲೂ ಇರಲಿಲ್ಲ. ಪಾಸು. ಆದರೆ ಅಸಲಿ ಪಂಡಿತರ ಫೋಟೋ ಹಾಕಿಸಿ ಬೋರ್ಡಿಗೆ ಹಚ್ಚೋದು ನಿಮ್ಮ ಕೆಲಸ. ಮೇಷ್ಟ್ರೇ, ನೋಡಿ ಹಚ್ಚಿಸಿ."

ಬಾಗಿಲು ತೆರೆದರೆ ತಮ್ಮ ಅಪರಾಧಿಯ ಹಾಗೆ ನಿಂತಿದ್ದ. "ಅಕ್ಕಾ, ಒಂದು ದಿನ ಆಟ ಆಡಿಸಿ ಹೇಳೋಣ ಅಂತಿದ್ದೆ ಕಣೇ. ಅಷ್ಟರಲ್ಲಿ ಮೇಷ್ಟ್ರೇ ಬೋರ್ಡಿಗೆ ಹಾಕ್ಬಿಟ್ರು. ಹೇಳೋಕೆ ಧೈರ್ಯ ಬರ್ಲಿಲ್ಲ. ಫೇಲಾ?"

ಅಕ್ಕ ಅವನ ಎದುರಿಗೆ ಗಡ್ಡದ ಪೋಸ್ಟರ್ ಹಿಡಿದು, ತಾನೂ ಅದರ ಪಕ್ಕ ತಲೆ ಎಡಕ್ಕೆ ವಾಲಿಸಿ ನಿಂತಳು. ಅವನು ಅಳುವುದೋ ನಗುವುದೋ ತಿಳಿಯದೆ ಮೂಗು ಒರೆಸಿಕೊಂಡ. ಕಾರಿಡಾರಿನಲ್ಲಿ ಸರದಿ ಕಾಯುತ್ತಿದ್ದವರು ತಂತಮ್ಮ ಪೋಸ್ಟರುಗಳನ್ನು ಒಮ್ಮೆ, ಅಕ್ಕನನ್ನು ಒಮ್ಮೆ ನೋಡಿದರು. ಎಲ್ಲರ ಕೈಯಲ್ಲೂ ಅವಳೇ: ಬೋಳಾಗಿ, ಗುಂಗುರಾಗಿ, ಮೀಸೆ ಬಿಟ್ಟುಕೊಂಡು.

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಕಾರಿಡಾರೇ ಕಿತ್ತುಹೋಗುವ ಹಾಗೆ ನಕ್ಕಿತು. ಒಳಗೆ ಮೇಷ್ಟ್ರು ನಗುತ್ತ "ಅಂದ್ರೆ, ಅಂದ್ರೆ" ಅನ್ನುತ್ತಿದ್ದರು, ಮುಂದಕ್ಕೆ ಹೋಗಲಿಲ್ಲ. ಆದರೆ ಎಲ್ಲರಿಗಿಂತ ಜೋರಾಗಿ, ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ರೇಡಿಯೋದಲ್ಲಿ ಪಳಗಿದ ಆ ಗಂಟಲನ್ನು ಪೂರ್ತಿ ತೆರೆದು ನಕ್ಕವಳು ಅಕ್ಕ. ಗೇಟಿನ ಹತ್ತಿರವಿದ್ದ ವಾಚ್‌ಮನ್ ಎದ್ದು ಓಡಿಬಂದ.

"ಏಯ್, ಯಾರದು? ಕಾರ್ಡ್ ತೋರ್ಸಿ!"

ಅಕ್ಕ ನಗು ತಡೆಯಲಾರದೆ, ಕಣ್ಣೊರೆಸಿಕೊಳ್ಳುತ್ತ, ಗಡ್ಡದ ಪೋಸ್ಟರನ್ನೇ ಮುಂದೆ ಚಾಚಿದಳು.