ಆಷಾಢದಲ್ಲಿ ಬಂದ ಅಳಿಯ

ಯಲಹಂಕದ ಪಕ್ಕದ ಕೋಗಿಲಿನ ಪಿಳ್ಳಪ್ಪನಿಗೆ ತನ್ನ ಬುದ್ಧಿಯ ಬಗ್ಗೆ ಬಹಳ ಅಭಿಮಾನ. ಸತ್ತ ತಮ್ಮನ ಮಗಳು ಮುನಿಕೃಷ್ಣಮ್ಮನಿಗೆ ಹದಿನಾರು ತುಂಬುವ ಮೊದಲೇ ಗಂಡು ಹುಡುಕಿ ತಂದ. ಹೆಸರು ಸೇತುರಾಮ. ಅನಂತಪುರದ ಕಡೆಯ ನಮ್ಮ ಜನವೇ, ಬೊಂಬಾಯಿಯ ಮಿಲ್ಲಿನಲ್ಲಿ ಕೆಲಸ, ವರದಕ್ಷಿಣೆ ಬೇಡ, ಮದುವೆಯ ಖರ್ಚೂ ಅವನದೇ. ಇಷ್ಟು ಸಾಕಾಯಿತು ಪಿಳ್ಳಪ್ಪನಿಗೆ.

ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಹೆಂಗಸರು ಹೋಗಿ ಗಂಡಿನ ಮನೆ ನೋಡಿಕೊಂಡು ಬರುತ್ತಾರೆ. ಒಲೆ ನೋಡುತ್ತಾರೆ, ನೀರಿನ ತಾವು ನೋಡುತ್ತಾರೆ, ಅತ್ತೆಯಾಗುವವಳ ನಾಲಿಗೆ ನೋಡುತ್ತಾರೆ. ಹುಡುಗಿಯ ತಾಯಿ ಅಂಜಿನಮ್ಮ ಆ ಮಾತು ತೆಗೆದಳು. ಪಿಳ್ಳಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಬೊಂಬಾಯ್‌ಗಂಟ ಓಗಿ ಒಲೆ ನೋಡ್ತೀರಾ? ಅಲ್ಲಿರೋದು ಗ್ಯಾಸ್ ಕಣಮ್ಮಿ, ನೋಡಕ್ಕೇನೈತೆ?"

ಜ್ಯೇಷ್ಠದ ಕೊನೆಯಲ್ಲಿ, ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸಿದರು. ಪಿಳ್ಳಪ್ಪ ಹೊಸ ಟೆರಿಕಾಟ್ ಅಂಗಿ ತೊಟ್ಟು ಫೋಟೋದಲ್ಲಿ ಮದುಮಕ್ಕಳ ನಡುವೆಯೇ ನಿಂತುಕೊಂಡ. ಅಂಗಿ ಕೊಡಿಸಿದವನು ಸೇತುರಾಮ. ಯಶವಂತಪುರದಲ್ಲಿ ರೈಲು ಹತ್ತಿಸಿ ಬಂದು, "ನಮ್ಮುಡುಗಿ ರಾಣಿ ಆದ್ಲು" ಎಂದು ಬೀಡಿ ಅಂಗಡಿಯ ಮುಂದೆ ಕುಳಿತ.

ನಾನು ಅಂಜಿನಮ್ಮನ ಪಕ್ಕದ ಮನೆಯವಳು. ಯಲಹಂಕದ ಪೊಲೀಸ್ ಠಾಣೆಯಿಂದ ಆಳು ಬಂದಾಗ ಅವಳ ಜೊತೆ ಹೋದವಳು ನಾನೇ. ಗುಂತಕಲ್ಲಿನಿಂದ ಫೋನ್ ಬಂದಿತ್ತು. ರೈಲಿನಲ್ಲಿ ಸೇತುರಾಮ ಇನ್ನೊಬ್ಬನ ಜೊತೆ ಹುಡುಗಿಯ ಬೆಲೆ ಮಾತಾಡುವುದು ಕಿವಿಗೆ ಬಿದ್ದು ಅವಳು ಕಿರುಚಿಕೊಂಡಿದ್ದಳು. ರೈಲ್ವೆ ಪೊಲೀಸರು ಇಳಿಸಿ ಅಲ್ಲಿನ ಹೆಂಗಸರ ಆಶ್ರಮದಲ್ಲಿಟ್ಟಿದ್ದರು. ಗಂಡ ಆ ಗಲಾಟೆಯಲ್ಲಿ ತಪ್ಪಿಸಿಕೊಂಡಿದ್ದ.

"ಗುಂತಕಲ್ಲು ಆಂಧ್ರ ಕಣಮ್ಮಾ, ನಮ್ಮ ಕೈಲಿಲ್ಲ," ಎಂದ ಠಾಣೆಯವನು. "ಆರ್.ಟಿ. ನಗರದಲ್ಲಿ ಇವತ್ತು ಕರ್ನಾಟಕ, ಆಂಧ್ರ, ತಮಿಳುನಾಡು ಮೂರು ರಾಜ್ಯದ ಸಾಹೇಬ್ರು ಇದೇ ವಿಷಯಕ್ಕೆ ಸಭೆ ಸೇರಿದಾರೆ. ಅಲ್ಲಿಗೆ ಹೋಗಿ."

ಹೋದೆವು. ‘ಹೆಂಗಸರು ಮಕ್ಕಳ ರಕ್ಷಣೆಗೆ ನೆರೆರಾಜ್ಯಗಳ ಸಹಕಾರ’ ಎಂದು ಬಟ್ಟೆಯ ಮೇಲೆ ಬರೆಸಿ ಕಟ್ಟಿದ್ದರು. ಬೆಳಗಿನಿಂದ ಒಳಗೆ ನಡೆದಿದ್ದ ಚರ್ಚೆ, ಕಮಿಟಿಯ ಹೆಸರಿನಲ್ಲಿ ಯಾವ ರಾಜ್ಯ ಮೊದಲು ಬರಬೇಕು ಎಂಬುದು. ನಮ್ಮ ರಾಜ್ಯದ ಸಾಹೇಬರು ಶೇಷಗಿರಿ. ಅಂಜಿನಮ್ಮ ಕೈಮುಗಿದು ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

"ನೋಡಮ್ಮಾ, ಆಂಧ್ರದವರು ನಮಗೆ ಬರೆದು ಕೇಳ್ಬೇಕು."

ಆಂಧ್ರದ ಸಾಹೇಬರು ಎರಡು ಕುರ್ಚಿ ಆಚೆ ಕೂತಿದ್ದರು. "ಕರ್ನಾಟಕದವರೇ ಮೊದಲು ಬರೀಬೇಕಲ್ವಾ?" ಎಂದು ಅವರು ಬಿಸ್ಕತ್ತಿನ ತಟ್ಟೆಯನ್ನು ಶೇಷಗಿರಿಯವರ ಕಡೆ ತಳ್ಳಿದರು. ಶೇಷಗಿರಿಯವರು ಒಂದು ತೆಗೆದುಕೊಂಡು ತಟ್ಟೆಯನ್ನು ಹಿಂದಕ್ಕೆ ತಳ್ಳಿದರು. ಬಿಸ್ಕತ್ತಿಗೆ ರಾಜ್ಯದ ಗಡಿ ಅಡ್ಡ ಬರಲಿಲ್ಲ.

"ಆಮೇಲೆ, ಗಂಡ ಮದುವೆ ಫೋಟೋ ತಂದು ತೋರಿಸಿದ್ರೆ ಆಶ್ರಮದವರು ಕಳಿಸಿಕೊಟ್ಟುಬಿಡ್ತಾರೆ," ಎಂದರು ಆಂಧ್ರದವರು, ಒಳ್ಳೆಯ ಸುದ್ದಿ ಹೇಳುವವರ ಹಾಗೆ. "ನಾಳೆ ಬರ್ತೀನಿ ಅಂತ ಅಲ್ಲಿಗೆ ಹೇಳಿಕಳಿಸಿದಾನಂತೆ, ಬೆಳಿಗ್ಗೆ ಫೋನಲ್ಲಿ ಅಂದ್ರು. ನಿಮಗೇನೂ ತೊಂದರೆ ಇರಲ್ಲ."

ಅಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲ ಕಡೆ ತಿರುಗಿದಳು. ಆಗ ಮಹಿಳಾ ಸಮಾಜದ ಪಂಕಜಾ ಎಂಬಾಕೆ ಬಂದು ಅವಳ ಭುಜ ಹಿಡಿದಳು. "ಅಯ್ಯೋ ಪಾಪ! ಊಟ ಆದ್ಮೇಲೆ ವೇದಿಕೆ ಮೇಲೆ ಎರಡು ಮಾತು ಆಡ್ತೀರಾ? ಫೋಟೋಗ್ರಾಫರ್ ಇದಾನೆ. ಅಳಬೇಡಿ, ಮಾತು ಕೇಳಿಸಲ್ಲ."

"ನೀವೇ ಆಡ್ಕಳಿ ಕಣ್ರವ್ವಾ," ಎಂದಳು ಅಂಜಿನಮ್ಮ. "ನಮ್ಗೆ ರೈಲೈತೆ."

ಮಾರನೆಯ ಬೆಳಿಗ್ಗೆ ನಾವು ಆಶ್ರಮ ತಲುಪುವ ಹೊತ್ತಿಗೆ ಸೇತುರಾಮ ಆಗಲೇ ಬಂದು ಕೂತಿದ್ದ. ಮೇಜಿನ ಮೇಲೆ ಮದುವೆಯ ಫೋಟೋ, ಅದರಲ್ಲಿ ಪಿಳ್ಳಪ್ಪನ ಹಲ್ಲು. ನಮ್ಮನ್ನು ಕಂಡು ಅವನು ಎದ್ದು ಅಂಜಿನಮ್ಮನ ಕಾಲಿಗೇ ಬಿದ್ದ. ನಾಚಿಕೆಯಿಲ್ಲದವರಿಗೆ ಬೆನ್ನು ಬಹಳ ಸಲೀಸಾಗಿ ಬಾಗುತ್ತದೆ.

ಆಶ್ರಮದ ಮೇಲ್ವಿಚಾರಕಿ ಸುಬ್ಬರತ್ನಮ್ಮ, ತೆಲುಗಿನವಳು. ಆ ಕಡೆ ಎರಡು ಭಾಷೆಯೂ ನಡೆಯುವುದರಿಂದ ಕನ್ನಡದಲ್ಲೇ ಮಾತಾಡಿದಳು.

"ಹುಡುಗಿ ಹೆದರಿ ಏನೇನೋ ಅಂದಿದಾಳೆ ಅಂತೀಯ. ಇವತ್ತೇ ಕರ್ಕೊಂಡು ಹೋಗಬೇಕಾ?"

"ಹೌದು ಮೇಡಂ. ಅಮ್ಮ ಸೊಸೆ ಬರ್ಲಿ ಅಂತ ಆರತಿ ತಟ್ಟೆ ಇಟ್ಕೊಂಡು ಹೊಸಿಲಲ್ಲೇ ಕಾಯ್ತಾ ಇದಾರೆ."

ಸುಬ್ಬರತ್ನಮ್ಮ ತಲೆಯೆತ್ತಿದಳು. ಅಂಜಿನಮ್ಮ ನನ್ನ ಮುಖ ನೋಡಿದಳು.

"ಮೊನ್ನೆ ಅಮಾವಾಸ್ಯೆ ಕಳೀತಲ್ಲ," ಎಂದಳು ಸುಬ್ಬರತ್ನಮ್ಮ. "ಈಗ ಯಾವ ಮಾಸ ಹೇಳು?"

"ಜುಲೈ ಮೇಡಂ."

ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದ, ತಮಿಳುನಾಡಿನ ಕಾಟ್ಪಾಡಿಯ ಮುದುಕಿ ಕಿಸಕ್ಕನೆ ನಕ್ಕಳು.

ಆಷಾಢದಲ್ಲಿ ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟುವುದಿಲ್ಲ. ಮೊದಲ ವರ್ಷದ ಹುಡುಗಿಯನ್ನು ತೌರಿಗೆ ಕಳಿಸುತ್ತಾರೆ. ಅಳಿಯ ಆ ತಿಂಗಳು ಅತ್ತೆಯ ಮನೆಯ ಕಡೆ ತಲೆಯೂ ಹಾಕುವುದಿಲ್ಲ. ಕೋಗಿಲಿನಲ್ಲೂ ಅಷ್ಟೆ, ಅನಂತಪುರದಲ್ಲೂ ಅಷ್ಟೆ.

"ನಮ್ ಕಡೆ ಆಡಿ ಮಾಸ ಅಂತಾರೆ. ನಮ್ಮಲ್ಲೂ ಮಗ್ಳನ್ನ ಅಮ್ಮನ ಮನೆಗೇ ಕಳ್ಸೋದು," ಎಂದಳು ಕಾಟ್ಪಾಡಿಯವಳು. ಮೂರು ರಾಜ್ಯವೂ ಒಪ್ಪಿದಂತಾಯಿತು. ಬಿಸ್ಕತ್ತು ಬೇಕಾಗಲಿಲ್ಲ.

"ನಾವು ಅದೆಲ್ಲ ನಂಬಲ್ಲ ಮೇಡಂ, ಮಾಡರ್ನ್," ಎಂದ ಸೇತುರಾಮ.

"ಆರತಿ ತಟ್ಟೆ ನಂಬ್ತೀಯ, ಆಷಾಢ ನಂಬಲ್ವಾ? ನೀನು ಬಿಟ್ರೂ ನಿಮ್ಮಮ್ಮ ಬಿಡ್ತಾಳೇನಯ್ಯಾ? ಅವಳ ತೌರೂರು ಯಾವುದು, ಹೇಳು. ಇಲ್ಲೇ ಅನಂತಪುರದ ಸುತ್ತಲಲ್ವಾ, ಜನ ಕಳಿಸಿ ಕೇಳಿಸ್ತೀನಿ."

ಅವನು ಒಂದು ಊರಿನ ಹೆಸರು ಹೇಳಿದ. ಸ್ವಲ್ಪ ಹೊತ್ತಿಗೆ ಅಂಜಿನಮ್ಮ ಮತ್ತೆ ಕೇಳಿದಾಗ ಬೇರೆ ಊರಿನ ಹೆಸರು ಹೇಳಿದ. ತಾಯಿಯನ್ನೇ ಎರಡು ಊರಲ್ಲಿ ಹುಟ್ಟಿಸಿದ ಮಗ. ಬಳಿಕ ಸಿಗರೇಟು ಸೇದಿ ಬರುತ್ತೇನೆಂದು ಎದ್ದ.

"ಗೇಟಿಗೆ ಬೀಗ ಹಾಕ್ಸಿದೀನಿ," ಎಂದಳು ಸುಬ್ಬರತ್ನಮ್ಮ. "ಪೊಲೀಸ್ನೋರು ಬಂದ್ಮೇಲೆ ಅವರ ಜೊತೇಲೇ ಸೇದು."

ಪೊಲೀಸರು ಒಯ್ದರು. ಅವನ ಹೆಸರು ಸೇತುರಾಮನೂ ಅಲ್ಲವಂತೆ. ಮ್ಯಾಜಿಸ್ಟ್ರೇಟರು ಹುಡುಗಿಯನ್ನು ತಾಯಿಯ ವಶಕ್ಕೆ ಕೊಟ್ಟರು.

ವಾಪಸು ಬರುವ ರೈಲು ಪೆನುಗೊಂಡ ದಾಟಿತು. ಮುನಿಕೃಷ್ಣಮ್ಮ ತಾಯಿಯ ಸೆರಗು ಹಿಡಿದು ಹೇಳಿದಳು.

"ಅಮ್ಮಾ, ಆವತ್ತು ರೈಲಲ್ಲಿ ಇನ್ನೊಬ್ಳಿದ್ಲು. ಹಿಂದೂಪುರದಲ್ಲಿ ಹತ್ತಿದ್ಲು, ಅವ್ಳಿಗೂ ಹೊಸ ತಾಳಿ. ನಾನು ಕಿರುಚ್ಕಂಡಾಗ ಅವ್ಳು ಸುಮ್ಕೆ ಕುಂತಿದ್ಲು. ಇಳಿಯಕ್ಕೆ ಬಿಡ್ಲಿಲ್ಲ ಅವ್ಳ ಗಂಡ. ನನ್ ಬೆಲೆ ಮಾತಾಡ್ತಿದ್ದೋನೂ ಅವ್ನೇ."

"ಆಶ್ರಮದಲ್ಲೇ ಯಾಕ್ ಹೇಳ್ಲಿಲ್ಲ?" ಎಂದಳು ಅಂಜಿನಮ್ಮ.

"ಹೇಳಿದ್ರೆ ಕೇಸು ಅಂತ ಪೊಲೀಸ್ನೋರು ನನ್ನೂ ಬಿಡಾಕಿಲ್ವೇನೋ ಅಂತ."

"ಹೆಸ್ರೇನು ಅವ್ಳ್ದು?"

"ಪದ್ಮಕ್ಕ. ಅವ್ಳವ್ವ ಹಿಂದೂಪುರದ ಟೇಷನ್ ಮುಂದೆ ಹೂವು ಮಾರ್ತಾಳಂತೆ. ಮಗ್ಳು ಸುಖವಾಗವ್ಳೆ ಅಂತ ಎಲ್ರಿಗೂ ಏಳ್ಕಂಡು ಮಾರ್ತಿರ್ತಾಳೇನೋ."

ಹಿಂದೂಪುರ ಬರುತ್ತಿತ್ತು. ನಮ್ಮ ಟಿಕೆಟ್ಟು ಯಲಹಂಕಕ್ಕಿತ್ತು. ಅಂಜಿನಮ್ಮ ಬಟ್ಟೆಯ ಗಂಟು ಎತ್ತಿಕೊಂಡು ಎದ್ದಳು.

"ಏಳಕ್ಕ," ಎಂದಳು ನನಗೆ. "ಹೂವಿನೋಳು ಬುಟ್ಟಿ ಎತ್ಕಂಡು ಮನೆಗೋಗೋ ಮುಂಚೆ ಇಳಿಯಾನ."