ಮುಂದೆಯೋ, ಮುಂಚೆಯೋ

ಮಗಳು ಮಹತಿಗೆ ಏಳು ವರ್ಷವಿದ್ದಾಗ ಅವಳಿಗೊಂದು ಮಾತು ಕೊಟ್ಟಿದ್ದೆ: ನೀನು ಜನರೆದುರು ನಿಜವಾದ ಚೆಂಡೆಯ ಮೇಲೆ ಹಾಕುವ ಮೊದಲ ಪೆಟ್ಟನ್ನು ನಾನು ಕೇಳಿಯೇ ಕೇಳುತ್ತೇನೆ. ಆಗ ಅವಳು ಶ್ರೀಕಾರ್ಯಂನ ನಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಹುಣಸೆ ಕೋಲು ಹಿಡಿದು ಕಲ್ಲು ಕುಟ್ಟಿ ಅಭ್ಯಾಸ ಮಾಡುತ್ತಿದ್ದಳು. ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಈಗ ಅವಳು ಕೊಚ್ಚಿಯಲ್ಲಿ ಕಾಲೇಜು ಓದುತ್ತಾಳೆ, ನಾನು ಇನ್ನೂ ಶ್ರೀಕಾರ್ಯಂನಲ್ಲೇ ಇದ್ದೇನೆ. ರಂಗಪ್ರವೇಶ ಕೊಚ್ಚಿ ಪಕ್ಕದ ತೃಪ್ಪೂಣಿತ್ತುರದ ಒಂದು ದೇವಸ್ಥಾನದಲ್ಲಿ, ಶನಿವಾರ ಸಂಜೆ ಆರಕ್ಕೆ ಎಂದು ನಿಗದಿಯಾಗಿತ್ತು. ಎಂಟು ಜನರಲ್ಲಿ ಮೊದಲು ಶುರು ಮಾಡುವವಳು ಅವಳೇ. ಅಷ್ಟರಲ್ಲಿ ಅವಳ ಮೆಸೇಜು ಬಂತು, ಎಂದಿನಂತೆ ಇಂಗ್ಲಿಷಿನಲ್ಲಿ: ಕಾರ್ಯಕ್ರಮ ಎರಡು ದಿನ ‘ಬ್ರಾಟ್ ಫಾರ್ವರ್ಡ್’ ಆಗಿದೆ. ಎರಡು ದಿನ ಮುಂದಕ್ಕೆ ಹೋಯಿತು ಅಂದುಕೊಂಡು ನನ್ನ ರಜೆಯನ್ನು ಸೋಮವಾರಕ್ಕೆ ಬದಲಾಯಿಸಿದೆ.

ಗುರುವಾರ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಪಕ್ಕದ ಸೀಟಿನ ಜುಬೈದಾಗೆ ಇದನ್ನು ಹೇಳಿದೆ. ಅವಳು ಮೆಸೇಜನ್ನು ಎರಡು ಸಲ ಓದಿದಳು.

“ಸುಮಿತ್ರ ಚೇಚೀ, ಇದು ನೇರತ್ತೆ. ಇನ್ನಾಣ್.”

ಮಲಯಾಳದಲ್ಲಿ ಚೇಚಿ ಅಂದರೆ ಅಕ್ಕ, ನೇರತ್ತೆ ಅಂದರೆ ಬೇಗ. ಇನ್ನಾಣ್ ಅಂದರೆ ಇವತ್ತೇ.

ನಾನು ಏಳುವಷ್ಟರಲ್ಲಿ ಅವಳ ಕೈಗೆ ಸ್ಕೂಟರಿನ ಕೀ ಬಂದಿತ್ತು. ಕೊಚ್ಚುವೇಳಿ ರೈಲ್ವೆ ಸ್ಟೇಷನ್ನಿನವರೆಗೂ ನನ್ನ ಇಂಗ್ಲಿಷಿಗೆ ನಗುತ್ತಲೇ ಓಡಿಸಿದಳು. ನಾನು ಹಿಂದೆ ಕೂತು ಚಪಾತಿ ಮುಗಿಸಿದೆ.

ರೈಲು ಕೊಲ್ಲಂ ದಾಟಿದ ಮೇಲೆ ಮಗಳಿಗೆ ಫೋನ್ ಮಾಡಿ ಜಗಳ ತೆಗೆದೆ. ಮುಂದಿನ ವಾರ ಅಂದರೆ ಇನ್ನೂ ಬರಬೇಕಾದ ವಾರ ತಾನೇ? ಮುಂದಕ್ಕೆ ತಂದದ್ದು ಬೇಗ ಹೇಗಾಗುತ್ತದೆ? ಅವಳು ಡಿಕ್ಷನರಿ ತೆಗೆದು ಮಲಯಾಳದಲ್ಲೇ ಪಾಠ ಮಾಡಿದಳು. ‘ಫೋರ್’ ಅಂದರೆ ಹಳೇ ಇಂಗ್ಲಿಷಿನಲ್ಲಿ ಮುಂಭಾಗವಂತೆ. ‘ಫಾರ್ವರ್ಡ್’ ಹುಟ್ಟಿದ್ದು ಅದರಿಂದ, ‘ಬಿಫೋರ್’ ಹುಟ್ಟಿದ್ದೂ ಅದರಿಂದಲೇ.

“ಹಾಗಾದ್ರೆ ನಮ್ದೂ ಅದೇ ಕಥೆ ಕಣೇ,” ಅಂದೆ. “ಮುಂದೆ ಅಂದ್ರೆ ಆಮೇಲೆ, ಮುಂಚೆ ಅಂದ್ರೆ ಮೊದಲು. ಬೇರು ಒಂದೇ, ದಿಕ್ಕು ಎರಡು.”

ಆ ಕಡೆಯಿಂದ, ಅಪರೂಪಕ್ಕೆ, ಕನ್ನಡ ಬಂತು.

“ಅಮ್ಮ, ನೀನೀಗ ಯಾವ ದಿಕ್ಕಲ್ಲಿದೀಯ?”

“ಕಾಯಂಕುಳಂ ಸ್ಟೇಷನ್.”

ಇಬ್ಬರೂ ನಕ್ಕುಬಿಟ್ಟೆವು. ಎದುರು ಸೀಟಿನ ಅಜ್ಜಿಯೂ, ಏನೂ ತಿಳಿಯದೆ, ಜೊತೆಗೆ ನಕ್ಕರು.

ತೃಪ್ಪೂಣಿತ್ತುರದಲ್ಲಿ ಇಳಿದಾಗ ಆರಕ್ಕೆ ಹತ್ತು ನಿಮಿಷ. ಆಟೋ ಒಂದು ಬಸ್ಸಿನ ಹಿಂದೆ ಸಿಕ್ಕಿಕೊಂಡಿತು. ಇಳಿದು, ಸೀರೆ ಎತ್ತಿ ಹಿಡಿದು ಓಡಿದೆ. ದೇವಸ್ಥಾನದ ಬಾಗಿಲಿಗೆ ಇನ್ನೂ ನೂರು ಹೆಜ್ಜೆ ಇತ್ತು.

ಚೆಂಡೆಯ ಸದ್ದು ಅರ್ಧ ಮೈಲಿ ಹೋಗುತ್ತದೆ. ಮಹತಿಯ ಮೊದಲ ಪೆಟ್ಟನ್ನು ರಸ್ತೆಯಲ್ಲಿ ನಿಂತು ಕೇಳಿದೆ. ಕೊಟ್ಟ ಮಾತು ಉಳಿಯಿತು.